ಬಲಗಾಲಿನ ನಾಗಪ್ಪ

ಅಬ್ಬಿಗೇರ್ಯಾಗ ನನ್ನ ಬಲಗಾಲು ನೋಡದ ಹೆಣಮಕ್ಕಳು ಯಾರೂ ಉಳದಿಲ್ಲ. ನೋಡಿದವರೆಲ್ಲ ಅದಕ್ಕ ಒಂದೊಂದು ಹೆಸರು ಇಟ್ಟು ಹೋದ್ರು. ಗಜಕರ್ಣ ಅಂದ್ರು, ಸರ್ಪಸುತ್ತು ಅಂದ್ರು, ನಂಜು ಅಂದ್ರು, ಕಡೀಕ ನಾಗಪ್ಪನ ಸಿಟ್ಟು ಅಂದ್ರು. ಕಾಲು ನಂದು, ನನ್ನ ಕೇಳಿದವರು ಒಬ್ಬರೂ ಇಲ್ಲ. ಅದಕ್ಕ ಇವತ್ತ ನಾನ ಹೇಳತೀನಿ, ನಡುವ ಬಾಯಿ ಹಾಕದ ಕೇಳ್ರಿ.

ನನ್ನ ಹೆಸರು ಅನ್ನಪೂರ್ಣೇಶ್ವರಿ. ಹೆಸರಿಗೆ ತಕ್ಕಂಗ ಮಂದಿಗೆ ಉಣಿಸೂದ ನನ್ನ ಬಾಳೇವು. ಮನಿ ಹಿತ್ತಲದಾಗ ತಗಡಿನ ಶೆಡ್ ಹಾಕಿ, ಖಡಕ್ ರೊಟ್ಟಿ ಬಡದು, ರೋಣದ ಖಾನಾವಳಿಗೋಳಿಗೆ ಕಳಸತೀನಿ. ನನ್ನ ಜೋಡಿ ತಬಸ್ಸುಮ ಬಡೀತಾಳ. ನೆಲದ ಮ್ಯಾಲ ಉದ್ದಾನ ಒಲಿ, ಎರಡು ಹಂಚು. ಒಲಿಯ ಈ ಕಡೆ ನಾನು, ಆ ಕಡೆ ಆಕಿ, ಇಬ್ಬರ ಮಾರಿನೂ ಬಾಗಲಾ ಕಡೆ. ಉರಿಗೆ ಹತ್ತಿಕಟಗಿ. ಅದರ ಉರಿ ಎಂಥಾದ್ದು ಅಂತ ಎರಿ ಹೊಲದ ಮಂದಿಗೆ ನಾ ಹೇಳೂದು ಬ್ಯಾಡ. ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಎತ್ತಿ, ಸೀರಿ ಮ್ಯಾಲ ಸರಿಸಿ ಕುಂತ್ರನ ಕೈಗೆ ಜೋರು ಬರತೈತಿ, ರೊಟ್ಟಿ ತೆಳ್ಳಗ ಬರತೈತಿ.

ಈ ಶೆಡ್ ಹಾಕೂಕಿಂತ ಮೊದಲ ನಾನು ಬರೇ ಕೊಟ್ರೇಶನ ಹೆಂತಿ, ಕಳಕವ್ವನ ಸೊಸಿ. ಈಗ ಬಸ್ ಸ್ಟ್ಯಾಂಡಿನ್ಯಾಗ ಇಳದು ರೊಟ್ಟಿ ಅನ್ನಕ್ಕನ ಮನಿ ಎಲ್ಲೈತಿ ಅಂತ ಕೇಳಿದ್ರ ಊರಿನ ಎಮ್ಮಿ ಸೈತ ದಾರಿ ತೋರಸ್ತಾವ. ಆ ಶೆಡ್ಡು ನನ್ನ ಜೀವ. ಅದಕ್ಕ ಕುತ್ತು ಬಂದದ್ದು ಈ ಕಾಲಿನಿಂದ.

ನಮ್ಮತ್ತಿ ಕಳಕವ್ವನ್ನ ನೀವು ಕಂಡಿಲ್ಲ, ಕಂಡಿದ್ರ ಮರೀತಿದ್ದಿಲ್ಲ. ತವರುಮನಿ ನರಗುಂದದ ಕಡೆ ಶಿರೋಳ. ಬಾಯಿ ಭಾಳ ಜೋರು. ಆಕಿ ಸೀರಿ ಉಡೂದು ಊರಿಗೆಲ್ಲಾ ಗೊತ್ತು, ಅಂಚು ನೆಲಾ ಬಳೀಬೇಕು. ಹೊಲಕ್ಕ ಹೋಗಲಿ, ಕೆಸರಾಗ ನಡೀಲಿ, ಎತ್ತಿ ಕಟ್ಟಾಕಿ ಅಲ್ಲ. ಮಳಿಗಾಲದಾಗ ಎರಿ ಮಣ್ಣು ಅಂಚಿಗೆ ಹತ್ತಿ ಹತ್ತಿ ಸೀರಿ ಎಳೀಲಾಕ ಬರತಿರಲಿಲ್ಲ, ಆದ್ರೂ ಎತ್ತತಿರಲಿಲ್ಲ. ಕಳಕವ್ವ ಒಂದು ಸಲ ಹಾದು ಹೋದ್ರ ಓಣಿ ಕಸಾ ಹೊಡಿಯೂದು ಉಳೀತು ಅಂತ ಮಗ್ಗಲ ಮನಿ ಬಾಳವ್ವ ನಗತಿದ್ಲು. ನಮ್ಮ ಮಾವ ಮಾತ್ರ ಇರೂತನಕಾ ನನ್ನ ಹೆಂತಿಯಂಥಾ ಮರ್ಯಾದಿ ಹೆಣಮಗಳು ತಾಲೂಕಿನ್ಯಾಗ ಇಲ್ಲ ಅಂತ ಹೆಮ್ಮಿ ಪಡತಿದ್ರು. ಪಂಚಮಿ ಬಂದ್ರ ಊರ ಹೆಣಮಕ್ಕಳೆಲ್ಲಾ ಜೋಕಾಲಿ ಹತ್ತತಾರ, ನಮ್ಮತ್ತಿ ಹತ್ತತಿರಲಿಲ್ಲ. ತಲಿ ತಿರಗತೈತಿ ಅಂತಿದ್ಲು. ಆಕಿ ಅಣ್ಣ ಶಿವನಪ್ಪ ವರ್ಷಾ ಪಂಚಮಿಗೆ ಕರಿಯಾಕ ಬರತಿದ್ನಂತ. ಇಕಿ ವರ್ಷಾ ಒಂದು ನೆವಾ ಹೇಳಿ ಕಳಸತಿದ್ಲಂತ. ಕಡೀಕ ಆತನೂ ಮಾರಿ ಸಿಂಡರಿಸಿ ಬರೂದು ಬಿಟ್ಟ.

ಇರಲಿ. ಮಣ್ಣೆತ್ತಿನ ಅಮಾಸಿ ಆದಮ್ಯಾಲ ಒಂದಿನ ನಾನು ನಳದ ಕೆಳಗ ಕಾಲು ತೊಳಕೊಳ್ಳಾಕ ಹತ್ತಿದ್ದೆ. ಸೀರಿ ಮೊಣಕಾಲತನಕಾ ಇತ್ತು. ಹಿಂದ ತಂಬಿಗಿ ಬಿದ್ದ ಸಪ್ಪಳಾತು. ತಿರುಗಿ ನೋಡಿದ್ರ ನಮ್ಮತ್ತಿ ನನ್ನ ಕಾಲು ನೋಡಕೋತ ನಿಂತಾಳ, ಮಾರಿ ಮ್ಯಾಲ ರಕ್ತಾನ ಇಲ್ಲ. ನಾನೂ ಬಗ್ಗಿ ನೋಡಿದೆ. ಮೊಣಕಾಲ ಕೆಳಗ ಕಂದು ಬಣ್ಣದ ಗೆರಿ, ಒಂದಕ್ಕೊಂದು ಕೂಡಿ ಮೀನ ಹಿಡಿಯೂ ಬಲಿ ಹೆಣದಂಗ. ಖರೇ ಹೇಳಬೇಕಂದ್ರ ಹಾವಿನ ಪೊರಿ ಕಾಲಿಗೆ ಸುತ್ತಿದಂಗ ಕಾಣತಿತ್ತು. ಕೆರೀತೈತೇನು ಅಂತ ಕೇಳಿದ್ಲು. ಇಲ್ಲ ಅಂದೆ. ಉರೀತೈತೇನು? ಅದೂ ಇಲ್ಲ. ಆಕಿ ಮಾರಿ ಮತ್ತಷ್ಟು ಇಳೀತು. ಕೆರಿಯೂದು, ಉರಿಯೂದು ಮನಶಾರ ಜಡ್ಡು, ಯಾವುದೂ ಇಲ್ಲದ್ದು ದೇವರದು ಅಂತ ಆಕಿ ಲೆಕ್ಕ.

ನಮ್ಮ ಮನಿಯವರು ಕೊಟ್ರೇಶ ಮೊಬೈಲಿನ ಬ್ಯಾಟರಿ ಹಚ್ಚಿ ನೋಡಿ ಗಜಕರ್ಣ ಅಂದ್ರು. ಗಜಕರ್ಣ ನಾ ಕಂಡಿಲ್ಲೇನು? ದುಂಡಗಿರತೈತಿ, ಅಂಚು ಕೆಂಪಗ ಎದ್ದಿರತೈತಿ, ನಡುವಿನ ಚರ್ಮ ಚಲೋ ಇರತೈತಿ, ತುರಿಸಿ ತುರಿಸಿ ಮನಶಾ ಹುಚ್ಚಾಗತಾನ. ಅವರ ಸೊಂಟದಾಗ ಉಡದಾರದ ಕೆಳಗ ಅದು ಹ್ವಾದ ವರ್ಷದಿಂದ ಬಿಡಾರ ಹೂಡೈತಿ, ಮುಲಾಮು ಹಚ್ಚಿದಷ್ಟೂ ಅಗಲಾಗತೈತಿ. ಅದಕ್ಕ ಜಗತ್ತಿನ್ಯಾಗ ಇರೂದೆಲ್ಲಾ ಅವರಿಗೆ ಗಜಕರ್ಣ ಕಾಣತೈತಿ. ರೋಣಕ್ಕ ರೊಟ್ಟಿ ಕೊಡಾಕ ಹೋದಾಗ ಔಷಧದ ಅಂಗಡಿ ಅನಿಲಕುಮಾರಗ ನನ್ನ ಕಾಲಿನ ಫೋಟೋ ತೋರಿಸಿದ್ರು. ಆತ ಗಿರಾಕಿಗೆ ಚಿಲ್ಲರ ಎಣಸಕೋತ ಒಂದು ಟ್ಯೂಬ್ ಕೊಟ್ಟ. ಅದರಾಗ ಅರ್ಧಾ ನನ್ನ ಕಾಲಿಗೆ ಹೋತು, ಅರ್ಧಾ ಅವರ ಸೊಂಟಕ್ಕ ಹೋತು. ನನ್ನ ಕಾಲು ಇದ್ದಂಗ ಇತ್ತು, ಅವರ ಸೊಂಟ ಮತ್ತಷ್ಟು ಅಗಲಾತು.

ಅಷ್ಟರಾಗ ಬಾಳವ್ವಗ ಸುದ್ದಿ ಮುಟ್ಟಿತು. ಆಕಿಗೆ ಸುದ್ದಿ ಮುಟ್ಟಿತಂದ್ರ ಊರಾಗ ಡಂಗುರ ಸಾರೂದು ಬ್ಯಾಡ. ಇದು ಸರ್ಪಸುತ್ತು, ತಲಿ ಬಾಲ ಕೂಡಿದ್ರ ಜೀವಕ್ಕ ಅಪಾಯ ಅಂತ ಹೇಳಿ ಕೆಮ್ಮಣ್ಣು ಕಲಸಿಕೊಂಡು ಬಂದ್ಲು. ಸರ್ಪಸುತ್ತು ಆಕಿಗೇ ಆಗಿತ್ತು ಹ್ವಾದ ಬ್ಯಾಸಗಿಯಾಗ. ಬೆನ್ನಿನಿಂದ ಹೊಟ್ಟಿತನಕಾ ಒಂದ ಮಗ್ಗಲಿಗೆ ನೀರುಗುಳ್ಳಿ ಸಾಲಗಟ್ಟಿದ್ವು, ಗಾಳಿ ತಾಗಿದ್ರ ಚೀರತಿದ್ಲು, ಕುಪ್ಪಸ ಹಾಕ್ಕೊಳ್ಳಾಕ ಆಗತಿರಲಿಲ್ಲ. ನನಗ ಒಂದ ಗುಳ್ಳಿ ಇಲ್ಲ, ಒಂದ ಚುಟುಕು ನೋವಿಲ್ಲ ಅಂದ್ರ ಕೇಳಬೇಕಲ್ಲ. ಸುತ್ತ ಕೆಮ್ಮಣ್ಣು ಬಳದ ಬಿಟ್ಲು. ನನ್ನ ಕಾಲು ಸಾಲಿ ಗ್ವಾಡಿ ಮ್ಯಾಲಿನ ನಕಾಶಿ ಆತು.

ನಮ್ಮತ್ತಿ ಇದ್ಯಾವುದನ್ನೂ ಒಪ್ಪಲಿಲ್ಲ. ಆಕಿ ಎಣಿಕಿನ ಬ್ಯಾರೆ. ನಮ್ಮ ಕಡೆ ನಾಗರ ಪಂಚಮಿ ದಿನ ಒಲಿ ಮ್ಯಾಲ ಹಂಚು ಇಡೂದಿಲ್ಲ. ಹಂಚು ಅಂದ್ರ ನಾಗಪ್ಪನ ಹೆಡಿ, ಅದನ್ನ ಕಾಸಬಾರದು ಅಂತ. ಅದಕ್ಕ ಅದರ ಮುಂಚೇನ ರೊಟ್ಟಿ ಪಂಚಮಿ ಮಾಡಿ, ಬಡದ ರೊಟ್ಟಿನೆಲ್ಲಾ ಮನಿಮನಿಗೆ ಹಂಚತೀವಿ. ಹ್ವಾದ ವರ್ಷ ಪಂಚಮಿ ದಿನಾನ ಖಾನಾವಳಿಯವ ಫೋನ್ ಮಾಡಿ ರೊಟ್ಟಿ ಸಾಲಲಿಲ್ಲ ಅಂತ ಗೋಳಾಡಿದ. ನಾನು ಹಂಚು ಇಟ್ಟೆ. ಹೌದು, ಇಟ್ಟೆ. ಊರೂರು ತಿರಗೂ ಮಂದಿ ಹಬ್ಬಾ ಅಂತ ಉಪವಾಸ ಬೀಳಬೇಕೇನು? ಈಗ ನಾಗಪ್ಪ ತನ್ನ ಹೆಡಿ ಸುಟ್ಟಾಕಿಗೆ ತನ್ನ ಪೊರಿ ತೊಡಿಸ್ಯಾನ ಅಂತ ನಮ್ಮತ್ತಿ ತೀರ್ಪು ಕೊಟ್ಲು. ಈ ರೊಟ್ಟಿ ಪಂಚಮಿಗಿಂತ ಮೊದಲ ಶೆಡ್ ಬಂದ್ ಆಗಬೇಕು, ಎರಡೂ ಹಂಚು ಒಯ್ದು ಹುತ್ತದ ಮುಂದ ಇಟ್ಟು ಬರಬೇಕು.

ನನಗ ಎಷ್ಟು ಸಿಟ್ಟು ಬಂತಂದ್ರ ಹಿಟ್ಟು ನಾದಕೋತ ಪರಾತಾನ ನಗ್ಗಿಸಿದೆ. ರೊಟ್ಟಿ ಪಂಚಮಿ ಅಂದ್ರ ನಮ್ಮ ವರ್ಷದ ದೊಡ್ಡ ಆರ್ಡರು. ಒಮ್ಮಿ ಇಲ್ಲ ಅಂದ್ರ ಖಾನಾವಳಿಯವರು ಬ್ಯಾರೆದವರ ಬಾಗಲಾ ಬಡೀತಾರ, ಮತ್ತ ನನ್ನ ಕಡೆ ಹೊರಳೂದಿಲ್ಲ. ಗಂಡಗ ಹೇಳಿದೆ. ಅವರ ಗೋಣು ಅವ್ವನ ಮುಂದ ಹೂಂ ಅಂತ ಆಡತೈತಿ, ನನ್ನ ಮುಂದನೂ ಹೂಂ ಅಂತ ಆಡತೈತಿ.

ಬೆಳವಣಕ್ಯಾಗ ಒಬ್ಬ ಅಜ್ಜ ಅದಾನ, ದೋಷ ನೋಡಿ ಹೇಳತಾನ. ಅಲ್ಲಿಗೂ ಎಳಕೊಂಡು ಹೋದ್ರು. ಆತ ಕಣ್ಣು ಮುಚಗೊಂಡ ನನ್ನ ಕಾಲು ನೋಡಿದ. ಬಲಗಾಲು, ಅಂದಮ್ಯಾಲ ಇದು ಗಂಡು ನಾಗಪ್ಪ, ಸಿಟ್ಟು ಜಾಸ್ತಿ ಅಂದ. ಮರುದಿನದಿಂದ ಓಣಿಯ ಹೆಣಮಕ್ಕಳು ನನ್ನ ಕಾಲಿಗೆ ಅರಿಷಿಣ ಕುಂಕುಮ ಹಚ್ಚಾಕ ಶುರು ಮಾಡಿದ್ರು. ಬಾಳವ್ವ ಹಾಲೂ ಸುರವಿದ್ಲು. ಎರಡು ದಿನ ನಾ ಹೋದಲ್ಲೆಲ್ಲಾ ಬೆಕ್ಕು ಬೆನ್ನ ಹತ್ತಿತ್ತು. ಪೂಜಿ ಮಾಡಿದ ಅದ ಮಂದಿ ನಾ ಕೊಟ್ಟ ರೊಟ್ಟಿ ಮಾತ್ರ ಎಮ್ಮಿಗೆ ಹಾಕತಿದ್ರು.

ತಬಸ್ಸುಮ ಒಂದು ವಾರ ಇದನ್ನೆಲ್ಲಾ ನೋಡಿದ್ಲು. ಆಮ್ಯಾಲ ಒಂದಿನ ಶೆಡ್ಡಿನ ಬಾಗಲಾ ಮುಂದ ಮಾಡಿ ಸಲ್ವಾರ್ ಮ್ಯಾಲ ಸರಿಸಿದ್ಲು. ಆಕಿ ಎಡಗಾಲಿಗೆ ನನ್ನಂಥಾದ್ದ ಬಲಿ. ಮನ್ಯಾಗ ಹೇಳಿದ್ರ ಕೆಲಸಾ ಬಿಡಸ್ತಾರ ಅಂತ ಅಂಜಿ ಮುಚ್ಚಿಟ್ಟಿದ್ಲಂತ. ನನಗ ಕುಣೀಬೇಕು ಅನಿಸ್ತು. ಆಕಿ ಕೈ ಹಿಡಕೊಂಡು ನಮ್ಮತ್ತಿ ಮುಂದ ನಿಲ್ಲಿಸಿದೆ. ಪಂಚಮಿ ದಿನ ತಬಸ್ಸುಮ ರಜಾ ಇದ್ಲು, ಹಂಚು ಮುಟ್ಟಿಲ್ಲ, ಈಕಿಗೆ ಯಾಕ ಬಂದ ನಿಮ್ಮ ನಾಗಪ್ಪ ಅಂತ ಕೇಳಿದೆ.

ನಮ್ಮತ್ತಿ ಆ ಕಾಲು ಭಾಳ ಹೊತ್ತು ನೋಡಿದ್ಲು. ಕಡೀಕ ಅಂದ್ಲು, "ನಾಗಪ್ಪಗ ಜಾತಿ ಇಲ್ಲ. ಎಡಗಾಲು, ಹಂಗಾರ ಇದು ನಾಗಮ್ಮ."

ಇಂಥಾ ಮನಶಾಳ ಜೋಡಿ ಹ್ಯಾಂಗ ವಾದಾ ಮಾಡೂದು, ನೀವ ಹೇಳ್ರಿ. ಆದ್ರ ಆಕಿ ದನಿ ನಡಗಿದ್ದು ನನಗ ಕೇಳಿಸ್ತು. ಅದು ಸಿಟ್ಟಲ್ಲ, ಅಂಜಿಕಿ. ಅಷ್ಟು ಗಟ್ಟಿ ಹೆಂಗಸು ಯಾತಕ್ಕ ಅಂಜತಾಳ ಅನ್ನೂದು ಮಾತ್ರ ನನಗ ಹೊಳೀಲಿಲ್ಲ. ಕಡೀಕ ನಾನ ಒಂದು ಮಾತು ಇಟ್ಟೆ. ಗಜೇಂದ್ರಗಡದಾಗ ಚರ್ಮದ ಡಾಕ್ಟರ್ ಅದಾರ, ಉಮಾಶ್ರೀ ಅಂತ. ಅವರಿಗೆ ತೋರಸೂಣು. ಇದಕ್ಕ ಅವರು ಕಾರಣಾ ಹೇಳಲಿಲ್ಲ ಅಂದ್ರ ಎರಡೂ ಹಂಚು ನನ್ನ ತಲಿ ಮ್ಯಾಲ ಹೊತ್ತು ನಾನ ಹುತ್ತಕ್ಕ ಮುಟ್ಟಸ್ತೀನಿ, ಮತ್ತ ಶೆಡ್ಡಿನ ಹೆಸರು ಎತ್ತೂದಿಲ್ಲ. ನಮ್ಮತ್ತಿ ಒಪ್ಪಿದ್ಲು, ಆದ್ರ ತಾನೂ ಬರತೀನಿ, ತನ್ನ ಕಿವಿಯಿಂದ ಕೇಳಬೇಕು ಅಂದ್ಲು.

ಕೆಮ್ಮಣ್ಣು, ಅರಿಷಿಣಾ ಎಲ್ಲಾ ತಿಕ್ಕಿ ತೊಳಕೊಂಡು ಗಜೇಂದ್ರಗಡದ ಬಸ್ ಹತ್ತಿದ್ವಿ. ನಾನು, ನಮ್ಮತ್ತಿ, ತಬಸ್ಸುಮ, ಕೈಯಾಗ ಆ ಟ್ಯೂಬ್ ಹಿಡಕೊಂಡು ನಮ್ಮ ಮನಿಯವರು. ಡಾಕ್ಟರು ಸಣ್ಣ ವಯಸ್ಸಿನಾಕಿ, ಕಣ್ಣು ಚುರುಕು. ಮೊದಲ ಟ್ಯೂಬ್ ನೋಡಿದ್ರು, ಆಮ್ಯಾಲ ನಮ್ಮ ಮನಿಯವರ ಸೊಂಟಾ ನೋಡಿದ್ರು. ಗಜಕರ್ಣಕ್ಕ ಈ ಮುಲಾಮು ಹಚ್ಚಿದ್ರ ತುರಿಕಿ ಅಷ್ಟ ಕಡಿಮಿ ಆಗತೈತಿ, ಗಜಕರ್ಣ ಒಳಗೊಳಗ ಹಬ್ಬತೈತಿ, ಕೇಳದ ಹಚ್ಚಬ್ಯಾಡ್ರಿ ಅಂತ ಬ್ಯಾರೆ ಔಷಧ ಬರಕೊಟ್ರು. ನನ್ನ ಕಾಲಿಗೆ ಅಂತ ಬಂದಲ್ಲಿ ಮೊದಲ ಅವರ ಸೊಂಟದ ನ್ಯಾಯ ಬಗೀಹರೀತು.

ನನ್ನ ಕಾಲು ಬೆಳಕಿಗೆ ಹಿಡದು ನೋಡಿದ್ರು. ಬೆರಳಿಲೆ ಒತ್ತಿದ್ರು. ಹತ್ತಿ ಅರಳಿ ಮುಟ್ಟಿಸಿ ಗೊತ್ತಾಗತೈತೇನು ಅಂತ ಕೇಳಿದ್ರು. ಗೊತ್ತಾಗತೈತಿ ಅಂದೆ. ಸ್ಪರ್ಶ ಇಲ್ಲದ ಮಚ್ಚಿ ಇದ್ದಿದ್ರ ಅದು ಬ್ಯಾರೆ ಮಾತು, ಅದನ್ನ ಲಗೂನ ತೋರಸಬೇಕಾಗತೈತಿ, ಇದು ಅದಲ್ಲ ಅಂದ್ರು. ತಬಸ್ಸುಮಳ ಎಡಗಾಲೂ ನೋಡಿದ್ರು. ನೀವಿಬ್ಬರೂ ಏನ ಕೆಲಸಾ ಮಾಡತೀರಿ ಅಂತ ಕೇಳಿದ್ರು. ರೊಟ್ಟಿ ಬಡೀತೀವಿ ಅಂದೆ. ಅಷ್ಟಂದದ್ದ ತಡ, ಅವರ ಮಾರಿ ಅರಳಿತು. ಮೂಲ್ಯಾಗಿನ ಕಸದ ಡಬ್ಬಿ ತಂದು ನೆಲದ ನಡುವ ಇಟ್ರು.

"ಇದು ಒಲಿ. ದಿನಾ ಹ್ಯಾಂಗ ಕುಂದರತೀರಿ, ಹಂಗ ಕುಂದರ್ರಿ."

ದವಾಖಾನಿ ನೆಲದ ಮ್ಯಾಲ ಕಸದ ಡಬ್ಬಿ ಮುಂದ ಕುಂದ್ರೂದಂದ್ರ ನಾಚಿಕಿ ಬಂತು. ಆದ್ರೂ ಕುಂತ್ವಿ. ಡಬ್ಬಿ ಈ ಕಡೆ ನಾನು, ಆ ಕಡೆ ತಬಸ್ಸುಮ. ಕುಂತಮ್ಯಾಲ ನಮಗ ಕಂಡಿತು. ಡಬ್ಬಿ ಕಡೆ ಮಾರಿ ಮಾಡಿ ನಿಂತದ್ದು ನನ್ನ ಬಲಗಾಲು, ಆಕಿ ಎಡಗಾಲು. ಎರಡು ಬಲಿ ಎದುರಾ ಬದರಾ. ತಬಸ್ಸುಮಗ ನಗಿ ತಡೀಲಿಲ್ಲ, ನನಗೂ ತಡೀಲಿಲ್ಲ.

ಡಾಕ್ಟರು ನಮ್ಮತ್ತಿಗೆ ಕೇಳೂಹಂಗ ಸಾವಕಾಶ ಹೇಳಿದ್ರು. ಸುಡದಷ್ಟು ಕಾವು ದಿನಾ ಅದ ಜಾಗಾಕ್ಕ ತಾಕಿದ್ರ ಚರ್ಮದಾಗ ಇಂಥಾ ಬಲಿ ಮೂಡತೈತಿ. ಕೆರಿಯೂದಿಲ್ಲ, ಅಂಟುಜಡ್ಡಲ್ಲ, ರೊಟ್ಟಿಗೆ ಹತ್ತೂದಿಲ್ಲ. ಒಲಿಗೂ ಕಾಲಿಗೂ ನಡುವ ಏನರ ಅಡ್ಡ ಮಾಡಿದ್ರ ಬರಬರತಾ ಮಾಸತೈತಿ. ಹಳೇದಾಗಿದ್ರ ಪೂರ್ತಿ ಹೋಗಲಿಕ್ಕಿಲ್ಲ. ಅದರ ಮ್ಯಾಲ ಮಾಯದ ಹುಣ್ಣು, ಗಂಟು ಎದ್ರ ಮಾತ್ರ ತಡಾ ಮಾಡದ ಬರಬೇಕು. ನಮ್ಮ ಮನಿಯವರು ತಮ್ಮ ಪ್ಯಾಂಟು ಎತ್ತಿ ನೋಡಿಕೊಂಡು, ನನಗ ಇಲ್ಲಲ್ಲಾ ಅಂದ್ರು. ಒಲಿ ಮುಂದ ಒಂದಿನ ಕುಂತಿದ್ರ ಬರತಿತ್ತು ಅಂದೆ.

ನಾನು ಗೆದ್ದೆ ಅಂತ ನಮ್ಮತ್ತಿ ಕಡೆ ನೋಡಿದೆ. ಆಕಿ ನನ್ನ ನೋಡತಿರಲಿಲ್ಲ. ಕಸದ ಡಬ್ಬಿ ನೋಡತಿದ್ಲು. ಡಾಕ್ಟರ ಹತ್ರ ಸರದು, ಸಣ್ಣ ದನಿಯಾಗ, ನಮ್ಮ ಓಣ್ಯಾಗ ಒಬ್ಬಾಕಿ ಮುದುಕಿ ಅದಾಳ್ರಿ ಅಂದ್ಲು. ಆಕಿಗೂ ಹಿಂಗ ಐತ್ರಿ, ಹರೇದಾಗ ಬಂದದ್ದು, ಇನ್ನೂ ಹೋಗಿಲ್ರಿ. ಅದೂ ಇದ ಏನ್ರಿ?

"ಆಕಿ ಒಲಿ ಮುಂದ ಹ್ಯಾಂಗ ಕುಂದರತಿದ್ಲವ್ವಾ?"

ನಮ್ಮತ್ತಿ ತಬಸ್ಸುಮಗ ಅತ್ತಾಗ ಸರಿ ಅಂತ ಕೈ ಮಾಡಿದ್ಲು. ಗ್ವಾಡಿ ಹಿಡಕೊಂಡು ಕೆಳಗ ಇಳದು ಡಬ್ಬಿ ಮಗ್ಗಲ ಕುಂತ್ಲು. ಒಂದು ಕಾಲು ಮಡಚಿದ್ಲು, ಇನ್ನೊಂದು ಮೊಣಕಾಲು ಎತ್ತಿದ್ಲು. ಆಮ್ಯಾಲ ನೆಲಾ ಬಳಿಯೂ ಆ ಸೀರಿ ಅಂಚು ಹಿಡದು, ನಾವೆಲ್ಲಾ ನೋಡತಿದ್ದಂಗ, ಮೊಣಕಾಲತನಕಾ ಎತ್ತಿದ್ಲು. ಕರ್ರಗಾದ ಹಳೇ ಬಲಿ. ನಂದಕ್ಕಿಂತ ದಟ್ಟ, ನಂದಕ್ಕಿಂತ ಅಗಲ. ಮಗಾ ಆದ ನಮ್ಮ ಮನಿಯವರು ಸೈತ ಅವ್ವನ ಕಾಲು ನೋಡಿದ್ದು ಅದ ಮೊದಲ ಸಲ. ಡಾಕ್ಟರು ಆಕಿ ಮುಂದ ನೆಲದ ಮ್ಯಾಲ ಕುಂತು, ಎಲ್ಲಾ ಕಡೆ ಮುಟ್ಟಿ ನೋಡಿ, ಹುಣ್ಣಿಲ್ಲ, ಗಂಟಿಲ್ಲ, ಇದೂ ಒಲಿ ಕಾವ ಅಂತ ಹೇಳಿದ್ರು.

ಬಸ್ಸಿನ್ಯಾಗ ನನ್ನ ಮಗ್ಗಲ ಕುಂತು ಆಕಿ ಹೇಳಿದ್ಲು. ಹೊಸದಾಗಿ ಸೊಸಿಯಾಗಿ ಬಂದಾಗ ಒಂದು ಪಂಚಮಿ ದಿನ ಹಸಿವಿ ತಾಳಲಾರದ, ಎಲ್ಲಾರೂ ಹುತ್ತಕ್ಕ ಹಾಲು ಎರಿಯಾಕ ಹೋದಾಗ, ಹಂಚು ಇಟ್ಟು ಒಂದು ರೊಟ್ಟಿ ಬಡಕೊಂಡು ತಿಂದಿದ್ಲಂತ. ಚಟ್ನಿ ಸೈತ ಇರಲಿಲ್ಲಂತ. ಅದಾದ ಮುಂದಿನ ವರ್ಷ ಕಾಲಿನ್ಯಾಗ ಬಲಿ ಕಂಡಿತು. ನಾಗಪ್ಪ ನೋಡ್ಯಾನ ಅಂತ ತಿಳಕೊಂಡ್ಲು. ಯಾರಿಗೂ ಹೇಳಲಿಲ್ಲ, ಸೀರಿ ಇಳಿಸಿ ಉಟ್ಲು. ಜೋಕಾಲಿ ಹತ್ತಿದ್ರ ಗಾಳಿಗೆ ಸೀರಿ ಹಾರತೈತಿ, ಕಾಲು ಕಾಣತೈತಿ. ಅದಕ್ಕ ಜೋಕಾಲಿ ಬಿಟ್ಲು. ತವರಿಗೆ ಹೋದ್ರ ಅಣ್ಣ ಜೋಕಾಲಿ ಹತ್ತು ಅಂತ ಜುಲುಮಿ ಮಾಡತಾನ, ಅದಕ್ಕ ಪಂಚಮಿಗೆ ತವರೂ ಬಿಟ್ಲು. ನಿನಗೂ ಇಂಥಾ ಬಾಳೇವು ಬರಬಾರದು ಅಂತ ಹಂಚು ಕೊಡು ಅಂದೆ ಅಂದ್ಲು. ಇಷ್ಟು ದಿನಾ ಈಕಿ ಜೋಡಿ ಜಗಳಾಡಿದ್ದಕ್ಕ ನನಗ ಕಣ್ಣಾಗ ನೀರು ಬಂತು, ಒಂದು ರೊಟ್ಟಿಗೆ ಇಷ್ಟು ದೊಡ್ಡ ದಂಡಾ ಕಟ್ಟಿದಾಕಿನ್ನ ನೋಡಿ ನಗೀನೂ ಬಂತು. ನಕ್ಕೆ. ಆಕೀನೂ ನಕ್ಲು. ಕಂಡಕ್ಟರ್ ಹೊರಳಿ ನೋಡಿದ.

ರೋಣದಾಗ ಬಸ್ ಬದಲಿಸೂವಾಗ ನನ್ನ ಫೋನ್ ಕೇಳಿದ್ಲು. ಶಿರೋಳಕ್ಕ ಹಚ್ಚಿ ಕೊಟ್ಟೆ. ಅತ್ತ ಕಡೆ ಅಣ್ಣ ಶಿವನಪ್ಪ ಹಲೋ ಅಂದ. ಇಕಿ ಆರಾಮ ಅದೀರೇನು ಅಂತ ಸೈತ ಕೇಳಲಿಲ್ಲ.

"ಯಣ್ಣಾ, ಈ ಪಂಚಮಿಗೆ ಬರತೀನಿ. ಜೋಕಾಲಿ ಕಟ್ಟು. ಹಗ್ಗಾ ಗಟ್ಟೀದು ನೋಡು, ನಾ ಈಗ ಮೊದಲಿನಂಗ ಸಣ್ಣಾಕಿಲ್ಲ."

ಎತ್ತಿನ ಹಗ್ಗಾ ಎಲ್ಲೈತಿ ಅಂತ ಆತ ಅಲ್ಲಿಂದನ ಹೆಂತಿನ್ನ ಕೂಗಿದ್ದು ಮಗ್ಗಲಿದ್ದ ನನಗೂ ಕೇಳಿಸ್ತು.

ರೊಟ್ಟಿ ಪಂಚಮಿ ಆರ್ಡರ್ ಪೂರ್ತಿ ಕಳಿಸಿದ್ವಿ. ಒಲಿಯ ಎರಡೂ ಕಡೆ ಹಳೇ ತಗಡು ಅಡ್ಡ ಮಾಡಿ ನಿಲ್ಲಿಸಿದ್ದು ನಮ್ಮ ಮನಿಯವರು, ನೆಟ್ಟಗ ನಿಂತೈತೋ ಇಲ್ಲೋ ಅಂತ ತಾಸಿಗೊಮ್ಮಿ ಬಂದು ನೋಡಿದ್ದು ನಮ್ಮತ್ತಿ. ಪಂಚಮಿ ದಿನ ಮಾತ್ರ ಖಾನಾವಳಿಯವನ ಫೋನ್ ಬಂದ್ರೂ ನಾ ಎತ್ತಲಿಲ್ಲ. ನಾಗಪ್ಪನ ಅಂಜಿಕಿಯಿಂದಲ್ಲ. ನನ್ನ ತವರು ಬಿಟ್ಟು ಆಕಿ ಜೋಡಿ ಶಿರೋಳಕ್ಕ ಹೋಗಿದ್ದೆ, ಆ ಜೋಕಾಲಿ ನನಗ ನೋಡಬೇಕಿತ್ತು.

ಬೇವಿನ ಗಿಡಕ್ಕ ಎತ್ತು ಕಟ್ಟೂ ಹಗ್ಗಾ ಎರಡೆಳಿ ಮಾಡಿ ಕಟ್ಟಿದ್ದ ಶಿವನಪ್ಪ. ಓಣಿಯ ಹೆಣಮಕ್ಕಳು ಕೂಡಿದ್ರು. ಶಿವನಪ್ಪನ ಹೆಂತಿ ಲಕ್ಷ್ಮೀ ಎಳ್ಳುಂಡಿ ಬುಟ್ಟಿ ಹಿಡಕೊಂಡು ಗ್ವಾಡಿಗೆ ಆತಕೊಂಡು ನಿಂತಿದ್ಲು. ಅಬ್ಬಿಗೇರಿ ಸೊಕ್ಕು ಇಳದು ಈಗರ ಬಂತಲ್ಲಾ ಅಂತ ಮಗ್ಗಲದಾಕಿ ಕಿವ್ಯಾಗ ಅಂದದ್ದು ನನಗೂ ಕೇಳಿಸ್ತು. ನಮ್ಮತ್ತಿ ಹಲಗಿ ಮ್ಯಾಲ ಕುಂತು ಸೀರಿ ಎತ್ತಿ ಸೊಂಟಕ್ಕ ಸಿಗಿಸಿದ್ಲು. ಎಲ್ಲಾರ ಕಣ್ಣು ಆ ಕಾಲಿಗೆ ಹೋದ್ವು. ಆಕಿ ನೆಲಾ ಒದ್ದು ಮ್ಯಾಲ ಹೋದ್ಲು, ಹಿಂದ ಬಂದ್ಲು.

"ಏನ ನೋಡತೀರಿ? ಒಲಿ ಕಾವು ಅದು. ನಾಗಪ್ಪಂದಲ್ಲ. ಡಾಕ್ಟರ್ ಹೇಳ್ಯಾರ."

ಲಕ್ಷ್ಮೀ ಬುಟ್ಟಿ ಕೆಳಗಿಟ್ಲು. ಅತ್ತಿತ್ತ ನೋಡಿ ತನ್ನ ಸೀರಿ ಒಂದೀಟು ಎತ್ತಿದ್ಲು.

"ಕಳಕಾ, ನಂದು ಎಡಗಾಲು."

ನಮ್ಮತ್ತಿ ಕಾಲು ನೆಲಕ್ಕ ಊರಿ ಜೋಕಾಲಿ ನಿಲ್ಲಿಸಿದ್ಲು. ಬರ್ರಿ ವೈನಿ ಅಂತ ಮಗ್ಗಲ ಜಾಗಾ ಮಾಡಿಕೊಟ್ಲು. ಶಿವನಪ್ಪ ಇಬ್ಬರನ್ನೂ ನೋಡಿದ, ಹಗ್ಗಾ ನೋಡಿದ, ಮತ್ತ ಇಬ್ಬರನ್ನೂ ನೋಡಿದ. ಆಮ್ಯಾಲ ಹಿಂದ ಹೋಗಿ, ತಂಗಿ ಬೆನ್ನಿಗೆ ಕೈ ಹಚ್ಚಿ ತೂಗಿದ.